ಮೊಲ್ಸೈಮಿನ ಎರಡು ರಥಗಳು

ಆಲ್ಸೇಸ್ ಪ್ರಾಂತ್ಯದ ಮೊಲ್ಸೈಮ್ ಒಂದು ಚಿಕ್ಕ ಊರು. ಮಿಲಾನಿನಲ್ಲಿ ಜನಿಸಿದ ಎತ್ತೋರೆ ಬುಗಾಟ್ಟಿಯು 1909ರಲ್ಲಿ ಅಲ್ಲಿ ಮೋಟಾರು ಕಾರ್ಖಾನೆಯನ್ನು ಸ್ಥಾಪಿಸಿದಾಗ ಅದು ಜರ್ಮನಿಗೆ ಸೇರಿದ್ದಿತು. ಮೊದಲನೆಯ ಮಹಾಯುದ್ಧದ ತರುವಾಯ ಫ್ರಾನ್ಸಿನದಾಯಿತು. ಗಡಿ ಸರಿಯಿತು, ಕಾರ್ಖಾನೆ ನಿಂತಲ್ಲಿಯೇ ನಿಂತಿತು. ಎಂಬತ್ತೊಂದು ವರ್ಷಗಳ ಅಂತರದಲ್ಲಿ ಈ ಊರಿನಿಂದ ಹೊರಬಂದ ಎರಡು ವಾಹನಗಳನ್ನು ನಾವು ಇಲ್ಲಿ ಹೋಲಿಸಿ ನೋಡಬಯಸುತ್ತೇವೆ.

ಮೊದಲನೆಯದು 1924ರ 'ಟೈಪ್ 35'. ಎರಡು ಲೀಟರಿನ, ಎಂಟು ಸಿಲಿಂಡರುಗಳ ಎಂಜಿನು. ಸುಮಾರು 90 ಅಶ್ವಶಕ್ತಿ. ತೂಕ ಸುಮಾರು 750 ಕಿಲೋಗ್ರಾಂ. ಅಲ್ಯೂಮಿನಿಯಮಿನ ಎರಕದ ಗಾಲಿಯಲ್ಲಿಯೇ ಬ್ರೇಕಿನ ಡ್ರಮ್ಮನ್ನೂ ಅಳವಡಿಸಿದ್ದರು. ಆ ವರ್ಷದ ಆಗಸ್ಟಿನಲ್ಲಿ ಲಿಯಾನಿನ ಪಂದ್ಯದಲ್ಲಿ ಟೈರುಗಳು ತಾಳದೆ ಹೋದುದರಿಂದ ಏಳನೆಯ ಹಾಗೂ ಎಂಟನೆಯ ಸ್ಥಾನಗಳಷ್ಟೇ ದೊರೆತುವು. ಆದರೆ 1925ರಿಂದ 1929ರ ವರೆಗೆ, ಸಿಸಿಲಿಯ ಬೆಟ್ಟದ ಹಾದಿಗಳಲ್ಲಿ ನಡೆಯುತ್ತಿದ್ದ ತಾರ್ಗಾ ಫ್ಲೋರಿಯೋ ಸ್ಪರ್ಧೆಯನ್ನು ಬುಗಾಟ್ಟಿ ವಾಹನಗಳೇ ಸತತವಾಗಿ ಐದು ಬಾರಿ ಗೆದ್ದುವು.

ಸ್ಥಾಪಕನು 1947ರಲ್ಲಿ ತೀರಿಕೊಂಡ ಮೇಲೆ ಮನೆತನದ ಉದ್ಯಮವು ಕ್ರಮೇಣ ಕ್ಷೀಣಿಸಿತು. 1998ರಲ್ಲಿ ಆ ಹೆಸರನ್ನು ಕೊಂಡ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು 2005ರಲ್ಲಿ 'ವೇರಾನ್' ಎಂಬ ವಾಹನವನ್ನು ಹೊರತಂದಿತು. ಎಂಟು ಲೀಟರಿನ ಎಂಜಿನು, ಹದಿನಾರು ಸಿಲಿಂಡರುಗಳು, ನಾಲ್ಕು ಟರ್ಬೋಗಳು, 1001 ಅಶ್ವಶಕ್ತಿ. ವೇಗ ಗಂಟೆಗೆ 400 ಕಿಲೋಮೀಟರಿಗೂ ಮೀರಿದುದು. ಆ ಪರಮ ವೇಗದಲ್ಲಿ ಓಡಿದರೆ ಸುಮಾರು ಹನ್ನೆರಡು ನಿಮಿಷಗಳಲ್ಲಿ ಇಂಧನ ಮುಗಿಯುತ್ತದೆ. ಟೈರುಗಳ ಆಯುಸ್ಸು ಹದಿನೈದು ನಿಮಿಷ.

ಶಕ್ತಿಯು ಹನ್ನೊಂದು ಪಟ್ಟು ಬೆಳೆಯಿತು. ತೂಕವು ಎರಡೂವರೆ ಪಟ್ಟಾಯಿತು. ಆದರೂ ಲಿಯಾನಿನಲ್ಲಿ ಎದುರಾದ ಮಿತಿಯೇ ಇಲ್ಲಿಯೂ ಎದುರಾಗುತ್ತದೆ: ರಬ್ಬರು ನೆಲವನ್ನು ಮುಟ್ಟುವ ಅಂಗೈಯಷ್ಟು ಜಾಗ. ಆ ಮಿತಿಯನ್ನು ಕಾಯುವ ಹೊಣೆ ಮಾತ್ರ ಕೈ ಬದಲಾಯಿಸಿದೆ. ಹಿಂದೆ ಅದು ಸಾರಥಿಯ ಕೈಕಾಲುಗಳಲ್ಲಿದ್ದಿತು. ಸೊಂಟಪಟ್ಟಿಯೂ ಇಲ್ಲದ ಆ ಆಸನದಲ್ಲಿ ತಪ್ಪಿಗೆ ಪ್ರಾಣವೇ ದಂಡ. ಇಂದಿನ ವಾಹನದಲ್ಲಿ ಯಂತ್ರವೇ ನಾಲ್ಕೂ ಗಾಲಿಗಳ ಹಿಡಿತವನ್ನು ಕ್ಷಣಕ್ಷಣಕ್ಕೂ ಅಳೆದು ತಿದ್ದುತ್ತದೆ. ಇದನ್ನು ಕುಶಲತೆಯ ಅವನತಿಯೆಂದು ಹಳಿಯುವವರುಂಟು. ನಾವು ಹಾಗೆ ಹೇಳಲಾರೆವು. ಉಳಿದ ಪ್ರಾಣಕ್ಕಿಂತ ದೊಡ್ಡ ಕುಶಲತೆ ಯಾವುದು?

ಆದರೆ ಒಂದು ಮಾತು. ಟೈಪ್ 35ರ ತೊಂಬತ್ತು ಅಶ್ವಗಳೂ ಬೆಟ್ಟದ ಹಾದಿಯಲ್ಲಿ ದುಡಿದುವು. ವೇರಾನಿನ ಸಾವಿರ ಅಶ್ವಗಳಲ್ಲಿ ಬಹುಪಾಲು ಲಾಯದಲ್ಲಿಯೇ ಕಾಲ ಕಳೆಯುತ್ತವೆ. ಅವು ಓಡುವಂತಹ ಹಾದಿ ಜನರು ಸಂಚರಿಸುವ ಊರುಗಳಲ್ಲಿಲ್ಲ.