ಬೋಧನಾಪೀಠ ಮತ್ತು ಪ್ರಸಂಗಪೀಠ: ವಿಟೆನ್‌ಬರ್ಗಿನಲ್ಲಿ ಲೂಥರನ ಎರಡು ಸೇವೆಗಳು

ದೈವಜ್ಞಾನ ಕಾಲೇಜುಗಳಲ್ಲಿ ಬೋಧಿಸುವವರು ಭಾನುವಾರಗಳಲ್ಲಿ ಸಭೆಗಳ ಪ್ರಸಂಗಪೀಠವನ್ನು ಏರುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗರಂಥ ಬಾಸೆಲ್ ಮಿಶನರಿಗಳು ಏಕಕಾಲದಲ್ಲಿ ಉಪಾಧ್ಯಾಯರೂ ಪ್ರಸಂಗಿಗಳೂ ಆಗಿದ್ದರು. ಇಂದಿಗೂ ಎಷ್ಟೋ ಮಂದಿ ಅಧ್ಯಾಪಕರು ವಾರದ ದಿನಗಳಲ್ಲಿ ಪಾಠ ಹೇಳಿ, ವಾರದ ಕೊನೆಯಲ್ಲಿ ಅರೆಕಾಲಿಕವಾಗಿ ಒಂದು ಸಭೆಯ ಹೊಣೆಯನ್ನು ಹೊರುತ್ತಾರೆ. ಇದು ಪಾಂಡಿತ್ಯಕ್ಕೆ ಅಡ್ಡಿಯೆಂದು ಕೆಲವರು ಹೇಳಿದರೆ, ಸಭೆಗೆ ಪೂರ್ಣ ಮನಸ್ಸಿನ ಪಾಲಕನು ಬೇಕು, ಬಿಡುವಿನ ವೇಳೆಯ ಪಾಲಕನು ಸಾಲದು ಎಂದು ಇನ್ನು ಕೆಲವರು ವಾದಿಸುತ್ತಾರೆ. ಎರಡು ವಾದಗಳಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ಒಂದು ಸಂಗತಿಯನ್ನು ಪ್ರಶ್ನಿಸದೆ ಒಪ್ಪಿಕೊಳ್ಳುತ್ತವೆ: ಬೋಧನೆ ಮತ್ತು ಪ್ರಸಂಗಗಳು ಒಂದೇ ಮನುಷ್ಯನ ವೇಳೆಗಾಗಿ ಪರಸ್ಪರ ಸ್ಪರ್ಧಿಸುವ ಎರಡು ಉದ್ಯೋಗಗಳು ಎಂಬುದನ್ನು. ಈ ಊಹೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರೀಕ್ಷಿಸಲು, ಎರಡೂ ಸೇವೆಗಳನ್ನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಒಂದೇ ಊರಿನಲ್ಲಿ ನಡೆಸಿದ ಮಾರ್ಟಿನ್ ಲೂಥರನ ಜೀವನವನ್ನು ಈ ದೃಷ್ಟಿಯಿಂದ ಅವಲೋಕಿಸುವುದು ಉಚಿತ.

ಸಾಕ್ಸನಿಯ ಅರಸನಾದ ಫ್ರೆಡರಿಕನು 1502ರಲ್ಲಿ ವಿಟೆನ್‌ಬರ್ಗ್ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದಾಗ, ಅದನ್ನು ಕೋಟೆಯ ಬಳಿಯ ಸರ್ವಸಂತರ ದೇವಾಲಯದೊಂದಿಗೆ ಜೋಡಿಸಿದನು. ಆ ದೇವಾಲಯದ ಆದಾಯದಿಂದ ಹಲವು ಪ್ರಾಧ್ಯಾಪಕರ ಜೀವನ ನಡೆಯುತ್ತಿತ್ತು. ಹೀಗೆ ಸಭೆಯ ಹುದ್ದೆಯೂ ಬೋಧನೆಯ ಹುದ್ದೆಯೂ ಅಲ್ಲಿ ಆರಂಭದಿಂದಲೇ ಒಂದಕ್ಕೊಂದು ಹೆಣೆದುಕೊಂಡಿದ್ದವು. ಅಗಸ್ಟೀನನ ಹೆಸರಿನ ಸಂನ್ಯಾಸಿ ಸಂಘಕ್ಕೆ ಸೇರಿದ್ದ ಲೂಥರನು 1512ರ ಅಕ್ಟೋಬರ್ 19ರಂದು ದೈವಜ್ಞಾನದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಸತ್ಯವೇದದ ಪ್ರಾಧ್ಯಾಪಕನಾಗಿ ನೇಮಕಗೊಂಡನು. 1513ರಿಂದ ಕೀರ್ತನೆಗಳ ಮೇಲೆ, 1515ರಿಂದ ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲೆ, ಬಳಿಕ ಗಲಾತ್ಯದವರಿಗೂ ಇಬ್ರಿಯರಿಗೂ ಬರೆದ ಪತ್ರಿಕೆಗಳ ಮೇಲೆ ಉಪನ್ಯಾಸಗಳನ್ನು ನೀಡಿದನು. ಅದೇ ವರ್ಷಗಳಲ್ಲಿ ಮಠದೊಳಗೆ ಮಾತ್ರವಲ್ಲದೆ ಪಟ್ಟಣದ ಸಂತ ಮರಿಯಳ ದೇವಾಲಯದಲ್ಲಿಯೂ ಅವನು ಪ್ರಸಂಗಿಸತೊಡಗಿದನು. ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಲೂಥರನು ಆ ಸಭೆಯ ಪಾಲಕನಾಗಿ ಎಂದೂ ನೇಮಕಗೊಳ್ಳಲಿಲ್ಲ. ಕೊನೆಯ ತನಕ ಅವನ ಮುಖ್ಯ ಹುದ್ದೆ ಪ್ರಾಧ್ಯಾಪಕನದೇ ಆಗಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಪ್ರಸಂಗವು ಅವನ ಅರೆಕಾಲಿಕ ಸೇವೆ.

ಈ ಏರ್ಪಾಡು ಸುಲಭವಾಗಿತ್ತೆಂದು ಯಾರೂ ಭಾವಿಸಬಾರದು. 1516ರ ಅಕ್ಟೋಬರ್ 26ರಂದು ತನ್ನ ಮಿತ್ರನಾದ ಯೊಹಾನ್ ಲಾಂಗನಿಗೆ ಬರೆದ ಪತ್ರದಲ್ಲಿ ಲೂಥರನು ತನ್ನ ಕೆಲಸಗಳನ್ನು ಒಂದೊಂದಾಗಿ ಎಣಿಸುತ್ತಾನೆ. ದಿನವಿಡೀ ಪತ್ರಗಳನ್ನು ಬರೆಯುವುದರಲ್ಲಿಯೇ ಕಳೆಯುತ್ತಿರುವುದರಿಂದ ಇಬ್ಬರು ಬರಹಗಾರರಾದರೂ ಬೇಕೆನ್ನುತ್ತಾನೆ. ಮಠದಲ್ಲಿ ಪ್ರಸಂಗ, ಊಟದ ವೇಳೆಯ ವಾಚನ, ಪಟ್ಟಣದ ಸಭೆಯಿಂದ ದಿನವೂ ಬರುವ ಕರೆ, ಸಂನ್ಯಾಸಿಗಳ ವಿದ್ಯಾಭ್ಯಾಸದ ಮೇಲ್ವಿಚಾರಣೆ, ಹನ್ನೊಂದು ಮಠಗಳ ಆಡಳಿತ, ದೂರದ ಮಠವೊಂದರ ಮೀನುಕೊಳದ ಲೆಕ್ಕ, ನ್ಯಾಯಸ್ಥಾನದಲ್ಲಿದ್ದ ಒಂದು ವ್ಯಾಜ್ಯ, ಇವೆಲ್ಲವುಗಳ ನಡುವೆ ಪೌಲನ ಪತ್ರಿಕೆಯ ಪಾಠವೂ ಕೀರ್ತನೆಗಳ ವ್ಯಾಖ್ಯಾನದ ಸಿದ್ಧತೆಯೂ ನಡೆಯಬೇಕಿತ್ತು. ನಿಯಮಿತ ಪ್ರಾರ್ಥನೆಗಳಿಗೇ ವೇಳೆ ಸಾಲದೆಂದು ಅವನು ಹೇಳಿಕೊಳ್ಳುತ್ತಾನೆ. ಎರಡು ಸೇವೆಗಳ ನಡುವೆ ಸಿಲುಕಿದ ಯಾವ ಅಧ್ಯಾಪಕನಿಗೂ ಈ ಪತ್ರವು ಅಪರಿಚಿತವೆನಿಸದು. ಆದರೆ ಅದನ್ನು ಬರೆದ ಸುಮಾರು ಒಂದು ವರ್ಷದ ಬಳಿಕ ನಡೆದ ಘಟನೆಯು, ಈ ಭಾರದಿಂದಲೇ ಎಂಥ ಫಲ ಹುಟ್ಟಬಹುದೆಂಬುದನ್ನು ತೋರಿಸುತ್ತದೆ.

ರೋಮಿನ ಸಂತ ಪೇತ್ರನ ದೇವಾಲಯದ ನಿರ್ಮಾಣಕ್ಕೆ ಹಣ ಕೂಡಿಸುವ ಸಲುವಾಗಿ ಕ್ಷಮಾಪಣಾ ಪತ್ರಗಳನ್ನು ಮಾರುತ್ತಿದ್ದ ಟೆಟ್ಸೆಲನಿಗೆ ಫ್ರೆಡರಿಕನ ಸೀಮೆಯೊಳಗೆ ಪ್ರವೇಶವಿರಲಿಲ್ಲ. ಆದರೆ ಗಡಿಯಾಚೆಯ ಯೂಟರ್‌ಬೋಗ್ ಪಟ್ಟಣವು ದೂರವೇನೂ ಅಲ್ಲದ್ದರಿಂದ ವಿಟೆನ್‌ಬರ್ಗಿನ ಜನರು ಅಲ್ಲಿಗೆ ಹೋಗಿ ಪತ್ರಗಳನ್ನು ಕೊಂಡು ತಂದರು. 1517ರ ಅಕ್ಟೋಬರ್ 31ರಂದು ಲೂಥರನು ಮೈನ್ಸಿನ ಆರ್ಚ್‌ಬಿಷಪ್ ಆಲ್ಬ್ರೆಕ್ಟನಿಗೆ ಬರೆದ ಪತ್ರದ ಧಾಟಿ ಗಮನಾರ್ಹವಾಗಿದೆ. ಪ್ರಸಂಗಿಗಳ ಮಾತುಗಳನ್ನು ತಾನು ಸ್ವತಃ ಕೇಳಿಲ್ಲವಾದ್ದರಿಂದ ಅವುಗಳನ್ನು ಅಷ್ಟಾಗಿ ದೂಷಿಸುವುದಿಲ್ಲ, ಆದರೆ ಅವುಗಳಿಂದ ಜನರು ತಿಳಿದುಕೊಂಡಿರುವ ತಪ್ಪು ಅರ್ಥಗಳಿಗಾಗಿ ದುಃಖಿಸುತ್ತೇನೆ ಎಂಬುದು ಅದರ ಸಾರ. ಇದು ಗ್ರಂಥಾಲಯದಿಂದ ಹುಟ್ಟಿದ ದುಃಖವಲ್ಲ. ಜನರ ಪಾಪನಿವೇದನೆಯನ್ನು ಕೇಳಿ, ಅವರಿಗೆ ಪ್ರಸಂಗಿಸಿ, ಅವರ ಆತ್ಮಗಳ ಲೆಕ್ಕವನ್ನು ದೇವರಿಗೆ ಒಪ್ಪಿಸಬೇಕಾದವನ ದುಃಖ.

ಅವನು ಈ ದುಃಖಕ್ಕೆ ಕೊಟ್ಟ ರೂಪವಾದರೋ ಪೂರ್ಣವಾಗಿ ವಿದ್ಯಾಪೀಠದ್ದು: ಲತೀನ್ ಭಾಷೆಯಲ್ಲಿ, ವಾದಸಭೆಯ ಪದ್ಧತಿಗನುಸಾರವಾಗಿ ರಚಿತವಾದ 95 ಪ್ರಮೇಯಗಳು. ಅವುಗಳಲ್ಲಿ 81ನೆಯದನ್ನೂ ಅದರ ಮುಂದಿನವುಗಳನ್ನೂ ಓದುವವರಿಗೆ ಒಂದು ವಿಶೇಷವು ಗೋಚರಿಸುತ್ತದೆ. ಸಾಮಾನ್ಯ ವಿಶ್ವಾಸಿಗಳು ಕೇಳುವ ಚುರುಕಾದ ಪ್ರಶ್ನೆಗಳಿಗೆ ಉತ್ತರ ಕೊಡುವುದು ಪಂಡಿತರಿಗೂ ಕಷ್ಟವಾಗಿದೆಯೆಂದು ಹೇಳಿ, ಲೂಥರನು ಆ ಪ್ರಶ್ನೆಗಳನ್ನೇ ಸಾಲಾಗಿ ಮುಂದಿಡುತ್ತಾನೆ. ಹಣಕ್ಕಾಗಿ ಆತ್ಮಗಳನ್ನು ಬಿಡಿಸಬಲ್ಲ ಪೋಪರು ಪ್ರೀತಿಗಾಗಿ ಎಲ್ಲರನ್ನೂ ಏಕೆ ಬಿಡಿಸಬಾರದು? ಅಷ್ಟು ಐಶ್ವರ್ಯವುಳ್ಳ ಅವರು ಬಡವರ ಹಣವನ್ನು ಬಿಟ್ಟು ತಮ್ಮ ಹಣದಿಂದಲೇ ದೇವಾಲಯವನ್ನು ಏಕೆ ಕಟ್ಟಬಾರದು? ಪ್ರಸಂಗಪೀಠದ ಎದುರು ಕುಳಿತಿದ್ದವರ ಪ್ರಶ್ನೆಗಳು ಹೀಗೆ ವಿಶ್ವವಿದ್ಯಾನಿಲಯದ ವಾದಸಭೆಯನ್ನು ಪ್ರವೇಶಿಸಿದವು. ಕೇವಲ ಪ್ರಾಧ್ಯಾಪಕನಾಗಿದ್ದವನ ಕಿವಿಗೆ ಅವು ಬೀಳುತ್ತಿದ್ದುದು ಸಂದೇಹ. ಕೇವಲ ಪ್ರಸಂಗಿಯಾಗಿದ್ದವನಿಗೆ ಅವುಗಳನ್ನು ಶಾಸ್ತ್ರೀಯ ಪ್ರಮೇಯಗಳಾಗಿ ರೂಪಿಸುವ ಸಾಧನ ಇರುತ್ತಿರಲಿಲ್ಲ. 1518ರಲ್ಲಿ ಅವನು ಅದೇ ವಿಷಯವನ್ನು ಜರ್ಮನ್ ಭಾಷೆಯಲ್ಲಿ, ಜನಸಾಮಾನ್ಯರಿಗೆ ಅರ್ಥವಾಗುವಂತೆ ಇಪ್ಪತ್ತು ಚಿಕ್ಕ ಭಾಗಗಳ ಒಂದು ಪ್ರಸಂಗವಾಗಿ ಪ್ರಕಟಿಸಿದನು. ಅದು 20ಕ್ಕೂ ಹೆಚ್ಚು ಬಾರಿ ಮುದ್ರಣಗೊಂಡಿತು. ಸಭೆಯಿಂದ ವಿದ್ಯಾಪೀಠಕ್ಕೆ ಹೋದ ಪ್ರಶ್ನೆಯು ಉತ್ತರವಾಗಿ ಸಭೆಗೆ ಹಿಂದಿರುಗಿತು.

ಇದೇ ವಿಟೆನ್‌ಬರ್ಗಿನಲ್ಲಿ ಇನ್ನೊಬ್ಬ ಪ್ರಾಧ್ಯಾಪಕನು ಬೇರೊಂದು ಹಾದಿಯನ್ನು ಹಿಡಿದನು. ಲೂಥರನಿಗೆ ಪದವಿಯನ್ನು ಪ್ರದಾನ ಮಾಡಿದ ಕಾರ್ಲ್‌ಷ್ಟಾಟನು ಸರ್ವಸಂತರ ದೇವಾಲಯದಲ್ಲಿ ಆರ್ಚ್‌ಡೀಕನನೂ ಆಗಿದ್ದನು. ಅವನ ವೇತನವು ಓರ್ಲಾಮುಂಡೆ ಎಂಬ ಊರಿನ ಸಭೆಯ ಆದಾಯದಿಂದ ಬರುತ್ತಿತ್ತು, ಆದರೆ ಅಲ್ಲಿಯ ಸೇವೆಯನ್ನು ಮಾಡುತ್ತಿದ್ದವನು ಒಬ್ಬ ಪ್ರತಿನಿಧಿ. ಕುರಿಗಳನ್ನು ಕಾಯದೆ ಉಣ್ಣೆಯನ್ನು ಮಾತ್ರ ಪಡೆಯುವ ಈ ಪದ್ಧತಿ ಅಂದು ಸಾಮಾನ್ಯವಾಗಿತ್ತು. 1523ರಲ್ಲಿ ಕಾರ್ಲ್‌ಷ್ಟಾಟನು ವಿದ್ಯಾಪದವಿಗಳು ಕ್ರಿಸ್ತನ ಮಾತಿಗೆ ವಿರುದ್ಧವೆಂದು ಸಾರಿ, ಕಾಲೇಜನ್ನು ತೊರೆದು ಓರ್ಲಾಮುಂಡೆಯಲ್ಲಿ ತಾನೇ ಪಾಲಕನಾಗಿ ನೆಲೆಸಿದನು. ಅವನ ಮನಸ್ಸಾಕ್ಷಿಯ ಈ ನಡೆಯನ್ನು ಹಗುರವಾಗಿ ಕಾಣಬಾರದು. ಆದರೂ ಮರುವರ್ಷ ಸಾಕ್ಸನಿಯಿಂದ ಹೊರಹಾಕಲ್ಪಟ್ಟು ಬಹುಕಾಲ ಅಲೆದ ಬಳಿಕ, ನಮ್ಮ ಸಭೆಗಳಿಗೆ ಮಿಶನ್ ಮೂಲಕ ಪರಿಚಿತವಾದ ಬಾಸೆಲ್ ನಗರದಲ್ಲಿ 1534ರಿಂದ ಅವನು ಮತ್ತೆ ಪ್ರಾಧ್ಯಾಪಕನೂ ಸಭೆಯ ಪ್ರಸಂಗಿಯೂ ಆಗಿ ಸೇವೆ ಸಲ್ಲಿಸಿ, 1541ರಲ್ಲಿ ಅಲ್ಲಿಯೇ ನಿಧನನಾದನು. ಒಂದಕ್ಕಾಗಿ ಇನ್ನೊಂದನ್ನು ಬಿಟ್ಟವನು ಕೊನೆಗೆ ಎರಡಕ್ಕೂ ಹಿಂದಿರುಗಿದನು.

ಲೂಥರನು ಎರಡನ್ನೂ ಹಿಡಿದುಕೊಳ್ಳಲು ಸಾಧ್ಯವಾದದ್ದು ಅವನ ಶಕ್ತಿಯಿಂದ ಮಾತ್ರವಲ್ಲ. 1523ರಲ್ಲಿ ಯೊಹಾನೆಸ್ ಬುಗೆನ್‌ಹಾಗನನು ಪಟ್ಟಣದ ಸಭೆಯ ಪಾಲಕನಾಗಿ ಆರಿಸಲ್ಪಟ್ಟನು. ಅವನೂ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದನು. 1526ರಲ್ಲಿ ಲೂಥರನು ಪ್ರಕಟಿಸಿದ ಆರಾಧನಾ ಕ್ರಮದಲ್ಲಿ ವಾರದ ಪ್ರಸಂಗಗಳ ವಿವರವಿದೆ: ಭಾನುವಾರ ಮೂರು ಆರಾಧನೆಗಳು, ಸೋಮವಾರ ಮತ್ತು ಮಂಗಳವಾರ ಮೂಲಬೋಧನೆ, ಬುಧವಾರ ಮತ್ತಾಯನ ಸುವಾರ್ತೆ, ಗುರುವಾರ ಮತ್ತು ಶುಕ್ರವಾರ ಅಪೊಸ್ತಲರ ಪತ್ರಿಕೆಗಳು, ಶನಿವಾರ ಯೋಹಾನನ ಸುವಾರ್ತೆ. ಇಷ್ಟನ್ನು ಒಬ್ಬನೇ ಹೊರುವುದು ಅಸಾಧ್ಯ. ಪಾಲಕನೂ ಅವನ ಸಹಾಯಕರೂ ಲೂಥರನೂ ಇದನ್ನು ಹಂಚಿಕೊಂಡರು. ಬೇರೆ ಪಟ್ಟಣಗಳ ಸಭೆಗಳನ್ನು ಕ್ರಮಪಡಿಸಲು ಬುಗೆನ್‌ಹಾಗನನು ತಿಂಗಳುಗಟ್ಟಲೆ ಹೋದಾಗಲೆಲ್ಲ ಲೂಥರನು ಅವನ ಸ್ಥಾನವನ್ನು ತುಂಬಿದನು. 1530ರಿಂದ 1532ರ ವರೆಗೆ ಬುಗೆನ್‌ಹಾಗನನು ಲ್ಯೂಬೆಕಿನಲ್ಲಿದ್ದಾಗ ಬುಧವಾರಗಳಲ್ಲಿ ಮಾಡಿದ ಪ್ರಸಂಗಗಳೇ ಪರ್ವತ ಪ್ರಸಂಗದ ಮೇಲಿನ ಅವನ ಪ್ರಸಿದ್ಧ ವ್ಯಾಖ್ಯಾನವಾದವು.

ಎರಡು ಸೇವೆಗಳಲ್ಲಿ ಯಾವುದು ಯಾವುದನ್ನು ಕಟ್ಟಿಹಾಕುತ್ತದೆಂಬ ಪ್ರಶ್ನೆಗೆ 1527ರ ವ್ಯಾಧಿಯು ಕಠಿಣವಾದ ಉತ್ತರವನ್ನು ಕೇಳಿತು. ಆ ಬೇಸಿಗೆಯಲ್ಲಿ ವಿಟೆನ್‌ಬರ್ಗಿಗೆ ಪ್ಲೇಗು ಬಂದಾಗ ವಿಶ್ವವಿದ್ಯಾನಿಲಯವು ಯೇನಾ ಪಟ್ಟಣಕ್ಕೆ ಸ್ಥಳಾಂತರಗೊಂಡಿತು. ಲೂಥರನೂ ಹೊರಡಬೇಕೆಂದು ಅರಸನು ಒತ್ತಾಯಿಸಿದನು. ಪ್ರಾಧ್ಯಾಪಕನಾಗಿ ಅವನು ಹೋಗಬಹುದಾಗಿತ್ತು, ಅವನ ಕೆಲಸವೇ ಊರು ಬಿಟ್ಟಿತ್ತು. ಆದರೆ ಅವನು ಬುಗೆನ್‌ಹಾಗನನೊಂದಿಗೆ ಉಳಿದು ರೋಗಿಗಳನ್ನು ಸಂದರ್ಶಿಸಿದನು. ಅವನ ಮನೆಯೇ ಆಸ್ಪತ್ರೆಯಂತಾಯಿತು. ಮರಣಾಂತಿಕ ವ್ಯಾಧಿಯಿಂದ ಓಡಿಹೋಗಬಹುದೇ ಎಂಬುದನ್ನು ಕುರಿತು ಅದೇ ವರ್ಷ ಬರೆದ ಕಿರುಹೊತ್ತಗೆಯಲ್ಲಿ, ವಾಕ್ಯದ ಸೇವಕರು ಮರಣದ ಅಪಾಯದಲ್ಲಿಯೂ ತಮ್ಮ ಸ್ಥಾನದಲ್ಲಿ ನಿಲ್ಲಬೇಕೆಂದು ಅವನು ಬೋಧಿಸಿದನು. ಹಾಗೆಂದು ಪಾಠವನ್ನು ಕೈಬಿಡಲಿಲ್ಲ. ಊರಿನಲ್ಲಿ ಉಳಿದಿದ್ದ ಕೆಲವೇ ಮಂದಿ ವಿದ್ಯಾರ್ಥಿಗಳಿಗೆ ಆಗಸ್ಟ್ ತಿಂಗಳಿಂದ ಯೋಹಾನನ ಮೊದಲನೆಯ ಪತ್ರಿಕೆಯನ್ನು ವಿವರಿಸಿದನು. ಸಹೋದರರಿಗಾಗಿ ಪ್ರಾಣವನ್ನು ಕೊಡಬೇಕೆಂದು ಹೇಳುವ ಪತ್ರಿಕೆಯನ್ನು ಅಂಥ ಕಾಲದಲ್ಲಿ ಕೇಳಿದವರಿಗೆ ಅದರ ಅರ್ಥವು ಬೀದಿಯಲ್ಲಿಯೂ ಕಾಣುತ್ತಿತ್ತು.

ಮರುವರ್ಷದ ಕೆಲಸವು ಇದೇ ಸತ್ಯವನ್ನು ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. 1528ರಲ್ಲಿ ಬುಗೆನ್‌ಹಾಗನನ ಗೈರುಹಾಜರಿಯ ನಿಮಿತ್ತ ಲೂಥರನು ದಶಾಜ್ಞೆಗಳು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಸಂಸ್ಕಾರಗಳು ಇವುಗಳನ್ನು ಮೂರು ಸರಣಿಗಳಲ್ಲಿ ಪ್ರಸಂಗಿಸಿದನು. ಹಳ್ಳಿಯ ಸಭೆಗಳ ಸಂದರ್ಶನದಲ್ಲಿ ಜನರ, ಎಷ್ಟೋ ಕಡೆ ಪಾಲಕರ ಅಜ್ಞಾನವನ್ನೂ ಅವನು ಕಂಡನು. ಈ ಎರಡು ಅನುಭವಗಳಿಂದ 1529ರಲ್ಲಿ ದೊಡ್ಡ ಮತ್ತು ಚಿಕ್ಕ ಪ್ರಶ್ನೋತ್ತರ ಗ್ರಂಥಗಳು ಹೊರಬಂದವು. ಅವನ ಲತೀನ್ ವ್ಯಾಖ್ಯಾನಗಳನ್ನು ಇಂದು ಓದುವವರು ವಿರಳ. ಮನೆಯ ಯಜಮಾನನು ಮಕ್ಕಳಿಗೂ ಸೇವಕರಿಗೂ ಹೇಳಿಕೊಡಲೆಂದು ಬರೆದ ಚಿಕ್ಕ ಪ್ರಶ್ನೋತ್ತರವಾದರೋ ಲೋಕದ ಅನೇಕ ಭಾಷೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಡಾಕ್ಟರನ ಪಾಂಡಿತ್ಯವಿಲ್ಲದೆ ಅದರ ಸಂಕ್ಷೇಪವು ಸಾಧ್ಯವಾಗುತ್ತಿರಲಿಲ್ಲ, ಪ್ರಸಂಗಿಯ ಅನುಭವವಿಲ್ಲದೆ ಅದರ ಸರಳತೆಯು ಸಾಧ್ಯವಾಗುತ್ತಿರಲಿಲ್ಲ. ಪ್ರಸಂಗಿಸುವಾಗ ಮುಂದೆ ಕುಳಿತ ಕೆಲವೇ ಡಾಕ್ಟರರ ಕಡೆಗೆ ನೋಡದೆ, ಸಭೆಯಲ್ಲಿ ತುಂಬಿರುವ ಮಕ್ಕಳ ಮತ್ತು ಮನೆಗೆಲಸದವರ ಕಡೆಗೆ ನೋಡುತ್ತೇನೆಂದು ಅವನು ತನ್ನ ಊಟದ ಮೇಜಿನಲ್ಲಿ ಹೇಳುತ್ತಿದ್ದನು.

ಇದಕ್ಕೆ ತೆತ್ತ ಬೆಲೆಯನ್ನು ಮರೆಮಾಚಬಾರದು. 1530ರ ಆರಂಭದಲ್ಲಿ, ಇಷ್ಟು ವರ್ಷಗಳ ಬೋಧನೆಯಿಂದಲೂ ಸಭೆಯು ಬದಲಾಗಲಿಲ್ಲವೆಂದು ಬೇಸತ್ತು, ಇನ್ನು ಮುಂದೆ ಪ್ರಸಂಗಿಸುವುದಿಲ್ಲವೆಂದು ಹೇಳಿ ಅವನು ಕೆಲವು ತಿಂಗಳು ಬಹುಮಟ್ಟಿಗೆ ಪ್ರಸಂಗಪೀಠದಿಂದ ದೂರವಿದ್ದನು. ಅವನ ಆರೋಗ್ಯವು ಕುಸಿದಿತ್ತು, ಬರೆಯಬೇಕಾದ ಎಷ್ಟೋ ಬರಹಗಳು ತಡವಾದವು. ಆದರೂ ಅವನು ಎರಡನ್ನೂ ಬಿಡಲಿಲ್ಲ. 1535ರಲ್ಲಿ ಆರಂಭಿಸಿದ ಆದಿಕಾಂಡದ ಉಪನ್ಯಾಸಗಳನ್ನು 1545ರ ನವೆಂಬರಿನಲ್ಲಿ ಮುಗಿಸಿದನು. 1546ರ ಜನವರಿ 17ರಂದು ವಿಟೆನ್‌ಬರ್ಗಿನಲ್ಲಿ ಕೊನೆಯ ಪ್ರಸಂಗವನ್ನು ಮಾಡಿ, ಹುಟ್ಟೂರಾದ ಐಸ್‌ಲೇಬನಿಗೆ ಹೋಗಿ, ಅಲ್ಲಿಯೂ ಪ್ರಸಂಗಿಸಿ, ಫೆಬ್ರುವರಿ 18ರಂದು ನಿದ್ರೆಹೋದನು.

ಈ ಚರಿತ್ರೆಯಿಂದ ನಾವು ಏನನ್ನು ಕಲಿಯಬೇಕು? ಲೂಥರನಂತೆ ಎಲ್ಲ ಭಾರವನ್ನೂ ಹೊರಬೇಕೆಂದಲ್ಲ. 1516ರ ಪತ್ರದಲ್ಲಿರುವ ಮೀನುಕೊಳದ ಲೆಕ್ಕ ಮತ್ತು ನ್ಯಾಯಸ್ಥಾನದ ವ್ಯಾಜ್ಯಗಳಿಂದ ದೈವಜ್ಞಾನಕ್ಕೆ ಲಾಭವಾಗಲಿಲ್ಲ. ನಮ್ಮ ಕಾಲೇಜುಗಳಲ್ಲಿಯೂ ಅಧ್ಯಾಪಕನ ವೇಳೆಯನ್ನು ತಿನ್ನುವುದು ಹಲವು ಸಲ ಪ್ರಸಂಗಪೀಠವಲ್ಲ, ಸಮಿತಿಗಳ ಮತ್ತು ಆಡಳಿತದ ಹೊರೆ. ಅವನ್ನು ಕಡಿಮೆಮಾಡುವುದು ಆಡಳಿತ ನಡೆಸುವವರ ಕರ್ತವ್ಯ. ಬೋಧಕನು ಪ್ರಸಂಗಿಸುವ ಸಭೆಗೆ ಪೂರ್ಣಾವಧಿಯ ಪಾಲಕನೊಬ್ಬನು ಇರಬೇಕು, ಇಬ್ಬರ ನಡುವೆ ಬುಗೆನ್‌ಹಾಗನ್ ಮತ್ತು ಲೂಥರರಿಗಿದ್ದಂಥ ಸ್ಪಷ್ಟವಾದ ಹಂಚಿಕೆ ಇರಬೇಕು. ಇಷ್ಟು ನೆರವೇರಿದರೆ, ಶನಿವಾರ ರಾತ್ರಿ ಪ್ರಸಂಗಕ್ಕೆ ಸಿದ್ಧನಾಗುವ ಅಧ್ಯಾಪಕನು ತನ್ನ ಪಾಠದಿಂದ ಏನನ್ನೂ ಕಳವು ಮಾಡುತ್ತಿಲ್ಲ. ಸೋಮವಾರದ ತರಗತಿಯಲ್ಲಿ ಎತ್ತಬೇಕಾದ ಪ್ರಶ್ನೆಗಳನ್ನು ಅವನಿಗೆ ಕೊಡಬಲ್ಲವರು ಭಾನುವಾರ ಅವನ ಎದುರು ಕುಳಿತಿರುವವರೇ.