ಒಂದೆಡೆ ಸೇರದ ದೂರುಗಳು: ಹಾವೇರಿ ಜಿಲ್ಲೆಯ ಹಿನ್ನೆಲೆಯಲ್ಲಿ ವೈದ್ಯಕೀಯ ನಿರ್ಲಕ್ಷ್ಯ ಮತ್ತು ದಾಖಲೆಯ ಪ್ರಶ್ನೆ

ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅಗತ್ಯವಿಲ್ಲದಿದ್ದರೂ ತಮ್ಮ ಗರ್ಭಕೋಶ ತೆಗೆಯಲಾಯಿತು ಎಂದು ಕಳೆದ ದಶಕದಲ್ಲಿ ನೂರಾರು ಮಹಿಳೆಯರು ದೂರಿದರು. ಅವರಲ್ಲಿ ಲಂಬಾಣಿ ತಾಂಡಾಗಳ ಕೂಲಿಕಾರ್ತಿಯರು ಬಹಳ ಮಂದಿ. ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಹೋರಾಡಬೇಕಾಯಿತು. ಇಷ್ಟು ದೊಡ್ಡ ಸಂಗತಿ ಮೊದಲೇ ಏಕೆ ಯಾರ ಕಣ್ಣಿಗೂ ಬೀಳಲಿಲ್ಲ? ದೂರುಗಳನ್ನು ಒಂದೆಡೆ ಕೂಡಿಸಿ ಓದುವ ಕಾನೂನು ನಮ್ಮಲ್ಲಿಲ್ಲ ಎಂಬುದು ಒಂದು ಮುಖ್ಯ ಕಾರಣ ಎಂಬುದೇ ಈ ಲೇಖನದ ವಾದ.

ಬ್ಯಾಡಗಿಯ ರೋಗಿಯೊಬ್ಬರಿಗೆ ಖಾಸಗಿ ಚಿಕಿತ್ಸೆಯಲ್ಲಿ ಅನ್ಯಾಯವಾದರೆ ಹೋಗಲು ಹಲವು ಬಾಗಿಲುಗಳಿವೆ: ಜಿಲ್ಲಾ ಗ್ರಾಹಕ ಆಯೋಗ, ಪೊಲೀಸ್ ಠಾಣೆ, ಕರ್ನಾಟಕ ವೈದ್ಯಕೀಯ ಪರಿಷತ್ತು, ಸಿವಿಲ್ ನ್ಯಾಯಾಲಯ. ಜೊತೆಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಂತೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವೂ ಇದೆ. ಒಂದೊಂದು ಬಾಗಿಲಿಗೂ ಅದರದೇ ಕಡತ. ಒಂದರಲ್ಲಿ ಬರೆದದ್ದನ್ನು ಇನ್ನೊಂದು ಓದಬೇಕೆಂಬ ನಿಯಮವಿಲ್ಲ.

ಸರ್ಕಾರಿ ಆಸ್ಪತ್ರೆಗೆ ಹೋದವರ ಪಾಡು ಇನ್ನೂ ಕಠಿಣ. ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತು. ಆದರೆ ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಗಳನ್ನು ಹೊರಗಿಟ್ಟಿತು. 2007ರ ಕಾಯ್ದೆಯೂ ಸರ್ಕಾರಿ ಆಸ್ಪತ್ರೆಗಳನ್ನು ಮುಟ್ಟುವುದಿಲ್ಲ. ಸರ್ಕಾರಿ ವೈದ್ಯರ ನಿರ್ಲಕ್ಷ್ಯಕ್ಕೆ ರಾಜ್ಯವೇ ಹೊಣೆ ಎಂದು ಹರಿಯಾಣದ ಸಂತ್ರಾ ಪ್ರಕರಣದಲ್ಲಿ 2000ದಲ್ಲಿ ತೀರ್ಮಾನವಾಗಿದ್ದರೂ, ದಿನಗೂಲಿಯ ಹೆಣ್ಣುಮಗಳೊಬ್ಬಳು ಸಿವಿಲ್ ದಾವೆ ಹೂಡಿ ಗೆಲ್ಲುವುದು ಸುಲಭವಲ್ಲ. ಕಾಲವೂ ಕಾಯುವುದಿಲ್ಲ. ಗ್ರಾಹಕ ದೂರಿಗೆ ಎರಡು ವರ್ಷದ ಗಡುವು. ಒಳರೋಗಿಯ ದಾಖಲೆಯನ್ನು ವೈದ್ಯರು ಕಡ್ಡಾಯವಾಗಿ ಇಟ್ಟುಕೊಳ್ಳಬೇಕಾದದ್ದು 2002ರ ನಿಯಮಾವಳಿಯಂತೆ ಮೂರೇ ವರ್ಷ.

ಇಂಥ ಮಾಹಿತಿಯನ್ನು ಒಂದೆಡೆ ಸೇರಿಸುವುದು ಅಸಾಧ್ಯವೇನಲ್ಲ. ಅಮೆರಿಕದಲ್ಲಿ ನಿರ್ಲಕ್ಷ್ಯ ಪ್ರಕರಣಗಳಲ್ಲಿ ವೈದ್ಯರ ಪರವಾಗಿ ಕೊಟ್ಟ ಪರಿಹಾರ ಮತ್ತು ಶಿಸ್ತುಕ್ರಮಗಳನ್ನು ದಾಖಲಿಸುವ ರಾಷ್ಟ್ರೀಯ ಮಾಹಿತಿ ಕಣಜ 1990ರಿಂದ ಇದೆ. ಮ್ಯಾಸಚೂಸೆಟ್ಸ್ ರಾಜ್ಯ 1996ರಲ್ಲಿ ಕಾನೂನು ಮಾಡಿ ಇಂಥ ಮಾಹಿತಿಯನ್ನು ಜನರ ಮುಂದಿಟ್ಟಿತು. ನಮ್ಮಲ್ಲೂ ಇಂಥ ದಾಖಲೆ ತರುವಾಗ ವೈದ್ಯರ ಆತಂಕವನ್ನು ಕಡೆಗಣಿಸಲಾಗದು: ದೂರು ಬಂದಮಾತ್ರಕ್ಕೆ ತಪ್ಪು ಸಾಬೀತಾಗದು. ಕ್ರಿಮಿನಲ್ ಮೊಕದ್ದಮೆಗೆ ಮುನ್ನ ತಜ್ಞರ ಅಭಿಪ್ರಾಯ ಬೇಕೆಂದು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದಕ್ಕಾಗಿಯೇ. ಆದ್ದರಿಂದ ತನಿಖೆಯಲ್ಲಿರುವ ದೂರು ಅಧಿಕಾರಿಗಳ ಪರಿಶೀಲನೆಗೆ ಸೀಮಿತವಾಗಿರಲಿ; ಇತ್ಯರ್ಥವಾದದ್ದು ಮಾತ್ರ ಬಹಿರಂಗವಾಗಲಿ.

ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು. ಜಿಲ್ಲಾ ಮಟ್ಟದ ನಿಗಾ ಸಮಿತಿ ಆ ಮಾರ್ಗಸೂಚಿಯ ಭಾಗ. ಆದರೆ ಅದು ಒಂದೇ ಶಸ್ತ್ರಚಿಕಿತ್ಸೆಗೆ ಸೀಮಿತ. ರಾಜ್ಯ ಶಾಸನಸಭೆ ಅದನ್ನು ವಿಸ್ತರಿಸಿ, ಸರ್ಕಾರಿ ಮತ್ತು ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ನಿರ್ಲಕ್ಷ್ಯ ಪ್ರಕರಣಗಳಿಗೂ ಒಂದೇ ದಾಖಲೆಯನ್ನು ಕಡ್ಡಾಯಗೊಳಿಸಬೇಕು. ದೂರಿರುವ ಕಡತವನ್ನು ಇತ್ಯರ್ಥದವರೆಗೆ ಕಾಪಿಡಬೇಕು. ರಾಣೆಬೆನ್ನೂರಿನ ಮಹಿಳೆಯರಿಗೆ ಸಲ್ಲಬೇಕಾದ ಪರಿಹಾರ ಬೇರೆ. ಅಂಥ ಇನ್ನೊಂದು ರಾಣೆಬೆನ್ನೂರು ಹುಟ್ಟದಂತೆ ನೋಡಿಕೊಳ್ಳುವ ಹೊಣೆ ಈ ಕಾನೂನಿನದು.