ಯಾರ ಕೈಗೆ ಯಾವ ಗುಂಡು? ಲಾನ್ ಬೌಲ್ಸ್ ಚೆಂಡಿನ ಐನೂರು ವರ್ಷ



ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಹುಣಸೆಮರದ ಕೆಳಗೆ ನಡೆದ ಮಾತಿನ ಜಟಾಪಟಿ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. ಕ್ರಿಸ್ಮಸ್ ಸಮಯದಲ್ಲಿ ಮನೆಮನೆಗೆ ಹೋಗಿ ಕ್ಯಾರಲ್ ಹಾಡಿ ಕೂಡಿಸಿದ ದುಡ್ಡಿನಲ್ಲಿ ನಾವು ಒಂದು ಲಾನ್ ಬೌಲ್ಸ್ ಸೆಟ್ ತರಿಸಿದ್ದೆವು. ಯಾರೋ ಬಳಸಿ ಬಿಟ್ಟಿದ್ದ ಹಳೆಯ ಸೆಟ್ಟು. ಅಂಗಡಿಯ ಹೆಸರು ಬೇಡ. "ಎಲ್ಲ ಒಂದೇ, ಯಾರು ಬೇಕಾದರೂ ಆಡಬಹುದು" ಅಂದರು, ನಾವೂ ನಂಬಿದೆವು. ಬಂದು ನೋಡಿದರೆ ಆ ಗುಂಡುಗಳು ನಮ್ಮ ಗುಂಪಿನ ಇಬ್ಬರು ದಪ್ಪ ಅಣ್ಣಂದಿರ ಕೈಗೆ ಬಿಟ್ಟರೆ ಬೇರೆ ಯಾರ ಕೈಗೂ ನಿಲ್ಲುತ್ತಿಲ್ಲ. ಹುಡುಗಿಯರ ಕೈಯಿಂದ ಜಾರಿ ಕಾಲ ಮೇಲೆ ಬೀಳುತ್ತದೆ. ಒಂಬತ್ತನೇ ಕ್ಲಾಸಿನ ತಂಗಿಯೊಬ್ಬಳು ಕೇಳಿಯೇ ಬಿಟ್ಟಳು: "ಅಣ್ಣಾ, ಇದನ್ನು ತಂದದ್ದು ನಮಗಾ, ನಿಮಗಾ?"

ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ಈ ಆಟದ ಹುಚ್ಚು ನಮಗೆ ಹಿಡಿದದ್ದೇ ಹುಡುಗಿಯರ ಕಾರಣಕ್ಕೆ. 2022ರ ಆಗಸ್ಟ್ 2ರಂದು ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಲವ್ಲಿ ಚೌಬೆ, ಪಿಂಕಿ, ನಯನ್‌ಮೊನಿ ಸೈಕಿಯಾ, ರೂಪಾ ರಾಣಿ ತಿರ್ಕಿ ಎಂಬ ನಾಲ್ವರು ದಕ್ಷಿಣ ಆಫ್ರಿಕಾವನ್ನು 17-10ರಿಂದ ಸೋಲಿಸಿ ಚಿನ್ನ ತಂದರಲ್ಲ, ಅವತ್ತಿನ ಸಂಜೆಯಿಂದ. ಅದಕ್ಕೆ ಮೊದಲು ಆ ಕೂಟದ ಈ ಆಟದಲ್ಲಿ ಭಾರತಕ್ಕೆ ಒಂದು ಪದಕವೂ ಇರಲಿಲ್ಲ. ಲವ್ಲಿ ಪೊಲೀಸ್ ಕೆಲಸದವರು, ನಯನ್‌ಮೊನಿ ಆಗ ಅಸ್ಸಾಮಿನ ಅರಣ್ಯ ಇಲಾಖೆಯಲ್ಲಿದ್ದವರು, ಪಿಂಕಿ ಶಾಲೆಯಲ್ಲಿ ಆಟ ಕಲಿಸುವವರು. ಹದಿನೆಂಟು ತುಂಬುವ ಮೊದಲೇ ಚಾಂಪಿಯನ್ ಆದವರಲ್ಲ, ಬೇರೆ ಬೇರೆ ಆಟ ಆಡಿ, ಪೆಟ್ಟು ತಿಂದು, ಆಮೇಲೆ ಇದಕ್ಕೆ ಬಂದವರು. ನಮ್ಮ ಧರ್ಮಪುರಿ ಸೀಮೆಯಲ್ಲಿ ಸಂಜೆ ಆದಮೇಲೆ ಕ್ರಿಕೆಟ್ ಆಡಲು ಹೆಣ್ಣುಮಕ್ಕಳನ್ನು ಯಾವ ಮನೆಯಲ್ಲಿ ಬಿಡುತ್ತಾರೆ? ಚರ್ಚಿನ ಅಂಗಳದಲ್ಲೇ ಆಡುವ, ಓಡಬೇಕಾಗಿಲ್ಲದ, ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಆಡಬಹುದಾದ ಆಟ ಇದು ಅಂತ ಅಂದುಕೊಂಡೆವು. ಆದರೆ ತಂದದ್ದು ತಪ್ಪು ಗುಂಡು.

ತಪ್ಪು ಎಲ್ಲಾಯಿತು ಅಂತ ಹುಡುಕುತ್ತಾ ಹೋದಾಗ ಈ ಚೆಂಡಿನ ಇತಿಹಾಸವೇ ಸಿಕ್ಕಿತು. ಅದನ್ನೇ ಈ ಸಲ ಬರೆಯುತ್ತಿದ್ದೇವೆ.

ಮೊದಲು ಆಟ ಏನು ಅಂತ ಎರಡು ಮಾತು. ಚಿಕ್ಕ ಬಿಳಿ ಚೆಂಡೊಂದನ್ನು ಹುಲ್ಲಿನ ಮೇಲೆ ಉರುಳಿಸಿ ಬಿಡುತ್ತಾರೆ, ಅದರ ಹೆಸರು ಜ್ಯಾಕ್. ಆಮೇಲೆ ದೊಡ್ಡ ಗುಂಡುಗಳನ್ನು ಒಂದೊಂದಾಗಿ ಉರುಳಿಸಿ ಅದರ ಹತ್ತಿರ ನಿಲ್ಲಿಸಬೇಕು. ಯಾರದು ಹತ್ತಿರವೋ ಅವರಿಗೆ ಅಂಕ. ನಾವು ಬೀದಿಯಲ್ಲಿ ಗೋಲಿ ಆಡುವಾಗ ಕುಳಿಗೆ ಯಾರ ಗೋಲಿ ಹತ್ತಿರ ಅಂತ ಮಂಡಿಯೂರಿ ಗೇಣು ಹಾಕಿ ಅಳೆದು ಜಗಳ ಆಡುತ್ತಿದ್ದೆವಲ್ಲ, ಅದೇ ಜಗಳ ಇಲ್ಲೂ. ವ್ಯತ್ಯಾಸ ಏನೆಂದರೆ ಗೋಲಿ ನೇರ ಹೋಗುತ್ತದೆ, ಈ ಗುಂಡು ನೇರ ಹೋಗುವುದಿಲ್ಲ. ಹೋಗುತ್ತಾ ಹೋಗುತ್ತಾ ಒಂದು ಕಡೆಗೆ ವಾಲುತ್ತದೆ. ಇಂಗ್ಲಿಷಿನಲ್ಲಿ ಬಯಸ್ ಅನ್ನುವುದನ್ನು ನಾವು ಇಲ್ಲಿ ವಾಲು ಅಂತಲೇ ಕರೆಯೋಣ.

ಈ ವಾಲು ಹೇಗೆ ಬಂತು ಎಂಬುದಕ್ಕೆ ಒಂದು ಕಥೆ ಇದೆ. 1522ರಲ್ಲಿ ಸಫೋಕಿನ ಡ್ಯೂಕ್ ಚಾರ್ಲ್ಸ್ ಬ್ರಾಂಡನ್ ಆಡುತ್ತಿದ್ದಾಗ ಅವನ ಮರದ ಗುಂಡು ಸೀಳಿಹೋಯಿತಂತೆ. ಮನೆಯೊಳಗೆ ಓಡಿ ಮೆಟ್ಟಿಲಿನ ಕೈಪಿಡಿಯ ತುದಿಯಲ್ಲಿದ್ದ ಮರದ ಉಂಡೆಯನ್ನು ಗರಗಸದಿಂದ ಕೊಯ್ದು ತಂದನಂತೆ. ಕೊಯ್ದ ಕಡೆ ಚಪ್ಪಟೆ ಇದ್ದುದರಿಂದ ಅದು ಬಾಗಿಕೊಂಡು ಹೋಯಿತು, ಮುಂದೆ ಇದ್ದ ಗುಂಡುಗಳನ್ನು ಸುತ್ತಿಕೊಂಡು ಜ್ಯಾಕಿನ ಹತ್ತಿರ ಹೋಗಿ ನಿಂತಿತು, ಎಲ್ಲರಿಗೂ ಅದೇ ಇಷ್ಟವಾಯಿತು ಅಂತ ಕಥೆ. ಕಥೆ ಕಥೆಯೇ, ನಾವು ಪ್ರಮಾಣ ಮಾಡುವುದಿಲ್ಲ. ಆದರೆ ಆ ಶತಮಾನ ಮುಗಿಯುವುದರೊಳಗೆ ವಾಲು ಎಲ್ಲರಿಗೂ ಗೊತ್ತಿದ್ದ ಸಂಗತಿ ಆಗಿತ್ತು ಎನ್ನುವುದು ಖಚಿತ. ಷೇಕ್ಸ್‌ಪಿಯರ್ ತನ್ನ ಎರಡನೇ ರಿಚರ್ಡ್ ನಾಟಕದಲ್ಲಿ ರಾಣಿಯ ಬಾಯಲ್ಲೇ ಅದನ್ನು ಹೇಳಿಸಿದ್ದಾನೆ.

ಒಳಗೆ ಸೀಸ ತುಂಬಿ ವಾಲಿಸುವ ಪದ್ಧತಿಯೂ ಹಿಂದೆ ಇತ್ತು. ಈಗಿನ ಗುಂಡಿನೊಳಗೆ ಅಂಥದ್ದೇನೂ ಇಲ್ಲ, ಎಲ್ಲವೂ ಆಕಾರದಲ್ಲೇ. ಅಮ್ಮ ರಾಗಿ ಮುದ್ದೆ ಕಟ್ಟಿ ತಟ್ಟೆಗೆ ಹಾಕುವಾಗ ಒಂದು ಬದಿ ಸ್ವಲ್ಪ ಹೆಚ್ಚು ಒತ್ತಿದರೆ ಹೇಗಿರುತ್ತದೋ ಹಾಗೆ. ತೂಕದ ನಡುವು ಪಕ್ಕಕ್ಕೆ ಸರಿದಿರುವುದರಿಂದ ಗುಂಡು ಆ ಕಡೆಗೆ ಬೀಳಲು ನೋಡುತ್ತದೆ. ಉರುಳುತ್ತಿರುವ ವಸ್ತು ಸುಮ್ಮನೆ ಬೀಳುವುದಿಲ್ಲ, ದಾರಿ ತಿರುಗಿಸಿಕೊಳ್ಳುತ್ತದೆ. ಜೋರಾಗಿ ಉರುಳುವಾಗ ಕಡಿಮೆ ತಿರುಗುತ್ತದೆ, ವೇಗ ಇಳಿದಷ್ಟೂ ಹೆಚ್ಚು ತಿರುಗುತ್ತದೆ. ಒಂದು ರೂಪಾಯಿ ನಾಣ್ಯವನ್ನು ನೆಲದ ಮೇಲೆ ಉರುಳಿಸಿ ನೋಡಿ, ಕೊನೆಗೆ ಸುರುಳಿ ಸುತ್ತಿ ಬೀಳುತ್ತದಲ್ಲ, ಅದೇ ತತ್ವ. ಬಿಎಸ್ಸಿಯಲ್ಲಿ ಇದನ್ನು ಬೋರ್ಡ್ ಮೇಲೆ ಬರೆದುಕೊಂಡಾಗ ಯಾತಕ್ಕೆ ಅಂತ ಅರ್ಥವಾಗಿರಲಿಲ್ಲ.

ಇನ್ನು ಮರದ ವಿಷಯ. ಹದಿನಾರನೇ ಶತಮಾನದಲ್ಲಿ ಸ್ಪೇನಿನವರು ಕೆರಿಬಿಯನ್ ದ್ವೀಪಗಳಿಂದ ಲಿಗ್ನಮ್ ವೀಟೆ ಎಂಬ ಮರವನ್ನು ಯೂರೋಪಿಗೆ ತಂದರು. ಲ್ಯಾಟಿನ್ನಿನಲ್ಲಿ ಜೀವದ ಮರ ಅಂತ ಅರ್ಥ. ಮೊದಲು ತಂದದ್ದು ಆಟಕ್ಕಲ್ಲ, ಔಷಧಿಗೆ. ಪರಂಗಿ ಹುಣ್ಣಿಗೆ ಇದರ ಕಷಾಯವೇ ಮದ್ದು ಅಂತ ನಂಬಿದ್ದರು. ರೋಗ ವಾಸಿಯಾಗಲಿಲ್ಲ, ಮರ ಮಾತ್ರ ಉಳಿಯಿತು. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ, ಕಬ್ಬಿಣದಂಥ ಗಟ್ಟಿ. ಒಳಗೇ ಎಣ್ಣೆಯಂಥ ಅಂಟು ಇರುವುದರಿಂದ ಮುಂದೆ ಹಡಗಿನ ಪ್ರೊಪೆಲರ್ ದಂಡದ ಬೇರಿಂಗಿಗೂ ಅದನ್ನೇ ಹಾಕಿದರು. ಆಸ್ಪತ್ರೆ ಲ್ಯಾಬಿನಲ್ಲಿ ಮಲದಲ್ಲಿ ರಕ್ತ ಇದೆಯೇ ಅಂತ ನೋಡುವ ಗ್ವಾಯಾಕ್ ಪರೀಕ್ಷೆ ಇದೆಯಲ್ಲ, ಆ ಗ್ವಾಯಾಕ್ ಇದೇ ಮರದ ಅಂಟು. ಸುಮಾರು ನಾನೂರು ವರ್ಷ ಒಳ್ಳೆಯ ಗುಂಡು ಅಂದರೆ ಈ ಮರದ ಗುಂಡು. ಕಡಿದು ಕಡಿದು ಈಗ ಮರವೇ ಅಪರೂಪವಾಗಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಬಂದಿದೆ.

ಈಗ ನಮ್ಮ ತಂಗಿಯ ಪ್ರಶ್ನೆಗೆ ಬರೋಣ, ಗುಂಡು ಯಾರಿಗೆ? ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನೇ ಇತ್ತು. 1541ರಲ್ಲಿ ಎಂಟನೇ ಹೆನ್ರಿಯ ಕಾಲದ ಕಾಯಿದೆ ಪ್ರಕಾರ ಕುಶಲಕರ್ಮಿಗಳು, ಕೂಲಿಗಳು, ಮನೆಯಾಳುಗಳು ಕ್ರಿಸ್ಮಸ್ ಸಮಯ ಬಿಟ್ಟು ಬೇರೆ ದಿನ ಬೌಲ್ಸ್ ಆಡುವಂತಿಲ್ಲ. ಕ್ರಿಸ್ಮಸ್ಸಿಗೂ ಯಜಮಾನನ ಮನೆಯಲ್ಲಿ, ಅವನ ಕಣ್ಣೆದುರು ಮಾತ್ರ. ವರ್ಷಕ್ಕೆ ನೂರು ಪೌಂಡಿಗೂ ಮೇಲೆ ಭೂಮಿಯ ಆದಾಯ ಇದ್ದವರು ತಮ್ಮ ತೋಟದಲ್ಲಿ ಆಡಿಕೊಳ್ಳಲು ಲೈಸೆನ್ಸ್ ಕೊಡಬಹುದಿತ್ತು. ಬಿಲ್ವಿದ್ಯೆ ಕಲಿಯಬೇಕಾದ ಜನ ಆಟದಲ್ಲಿ ಕಾಲ ಕಳೆಯುತ್ತಾರೆ ಎಂಬುದು ಕೊಟ್ಟ ಕಾರಣ. 1618ರಲ್ಲಿ ಒಂದನೇ ಜೇಮ್ಸ್ ರಾಜ ಭಾನುವಾರ ಆರಾಧನೆ ಮುಗಿದ ಮೇಲೆ ಜನ ಏನೇನು ಆಡಬಹುದು ಅಂತ ಒಂದು ಘೋಷಣೆ ಹೊರಡಿಸಿದ. ಕುಣಿತ, ಬಿಲ್ಲು, ಜಿಗಿತ ಎಲ್ಲ ಆಗಬಹುದು, ಕೆಳವರ್ಗದವರಿಗೆ ಬೌಲ್ಸ್ ಮಾತ್ರ ಕೂಡದು. ಅದೇ ಘೋಷಣೆಯ ಮೇಲೆ ಪ್ಯೂರಿಟನ್ನರು ಸಿಟ್ಟಾದರು, ಭಾನುವಾರ ಯಾವ ಆಟವೂ ಬೇಡ ಎಂಬುದು ಅವರ ವಾದ. ಪೂಜೆ ಮುಗಿಸಿ ಹೊರಬಂದ ಕೂಲಿಯವನ ಕೈಯಲ್ಲಿ ಏನಿರಬೇಕು ಅಂತ ಇಬ್ಬರೂ ತೀರ್ಮಾನಿಸುತ್ತಿದ್ದರು, ಅವನನ್ನು ಕೇಳಿದವರು ಯಾರೂ ಇಲ್ಲ. 1541ರ ಆ ನಿಷೇಧ ಕಾಗದದ ಮೇಲಾದರೂ 1845ರವರೆಗೆ ಉಳಿದುಕೊಂಡಿತ್ತು.

ಸ್ಕಾಟ್ಲೆಂಡಿನಲ್ಲಿ ಹಾಗಿರಲಿಲ್ಲ, ಆಟ ಬೆಳೆದದ್ದೂ ಅಲ್ಲೇ. 1849ರ ಹೊತ್ತಿಗೆ ಗ್ಲಾಸ್ಗೋದ ವಿಲಿಯಂ ಮಿಚೆಲ್ ಆಟಕ್ಕೆ ನಿಯಮಗಳನ್ನು ಬರೆದುಕೊಟ್ಟ. ಗ್ಲಾಸ್ಗೋ ನಮಗೆ ದೂರದ ಹೆಸರೇನಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಾರಾಮಹಲ್ ಮತ್ತು ಸೇಲಂ ಸೀಮೆಯನ್ನು ಬಿಟ್ಟುಕೊಟ್ಟಾಗ, ರೀಡ್ ಸಾಹೇಬನ ಕೈಕೆಳಗೆ ನಮ್ಮ ಧರ್ಮಪುರಿಯಲ್ಲಿ ಹೊಲ ಹೊಲ ಅಳೆದು ಕಂದಾಯ ಕಟ್ಟಿದ ಥಾಮಸ್ ಮನ್ರೋ ಗ್ಲಾಸ್ಗೋದವನೇ. ಮಂತ್ರಾಲಯದ ಕಥೆಯಲ್ಲಿ ಬರುವ ಅದೇ ಮನ್ರೋ.

ಹುಲ್ಲಿಗೂ ಒಂದು ಕಥೆ ಇದೆ, ಸೇಲಂ ನೇಕಾರರ ಮನೆಯವರಿಗೆ ಇಷ್ಟವಾಗಬಹುದು. 1830ರಲ್ಲಿ ಎಡ್ವಿನ್ ಬಡಿಂಗ್ ಎಂಬಾತ ಬಟ್ಟೆ ಗಿರಣಿಯಲ್ಲಿ ಬಟ್ಟೆಯ ಮೇಲಿನ ಜುಂಗನ್ನು ಕತ್ತರಿಸುವ ಯಂತ್ರ ನೋಡಿ, ಅದೇ ಮಾದರಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಮಾಡಿದ. ಅಲ್ಲಿಯವರೆಗೆ ಕುಡುಗೋಲು, ಕುರಿಗಳೇ ಗತಿ. ನೆಲ ಸಮವಾದ ಮೇಲೆ ಗುಂಡಿನ ದೋಷ ಎದ್ದು ಕಾಣತೊಡಗಿತು. ಒಬ್ಬೊಬ್ಬ ಬಡಗಿಯ ಗುಂಡು ಒಂದೊಂದು ರೀತಿ ವಾಲುತ್ತಿತ್ತು. 1871ರಲ್ಲಿ ಗ್ಲಾಸ್ಗೋದ ಥಾಮಸ್ ಟೇಲರ್ ಯಂತ್ರದಲ್ಲಿ ಒಂದೇ ಅಳತೆಯ ವಾಲು ಕೊಟ್ಟು ಗುಂಡು ಕಡೆಯತೊಡಗಿದ. ಗುಂಡನ್ನು ಸೆಟ್ಟಾಗಿಯೇ ಕೊಳ್ಳಬೇಕು, ಬಿಡಿಬಿಡಿಯಾಗಿ ಸೇರಿಸಬಾರದು ಎಂಬ ಮಾತಿಗೆ ಅರ್ಥ ಬಂದದ್ದೂ ಹೀಗೆ. 1903ರಲ್ಲಿ ಇಂಗ್ಲಿಷ್ ಬೌಲಿಂಗ್ ಅಸೋಸಿಯೇಷನ್ ಹುಟ್ಟಿದಾಗ ಮೊದಲ ಅಧ್ಯಕ್ಷ ಯಾರು ಗೊತ್ತೇ? ಕ್ರಿಕೆಟ್ಟಿನ ಗಡ್ಡದ ಡಬ್ಲ್ಯು.ಜಿ. ಗ್ರೇಸ್!

ಮರದ ಗುಂಡಿಗೆ ಒಂದು ಶತ್ರು ಇತ್ತು, ಒಣ ಬಿಸಿಲು. ಆಸ್ಟ್ರೇಲಿಯಾದ ಬೇಸಿಗೆಯಲ್ಲಿ ಅದು ಕುಗ್ಗುತ್ತಿತ್ತು, ಸೀಳುತ್ತಿತ್ತು. ಮತ್ತೆ ಮತ್ತೆ ಕಡೆಸಿದರೆ ಗಾತ್ರ ಇಳಿಯುತ್ತಿತ್ತು. 1918ರಲ್ಲಿ ಮೆಲ್ಬರ್ನಿನ ವಿಲಿಯಂ ಹೆನ್ಸೆಲ್ ಗಟ್ಟಿ ರಬ್ಬರಿನಲ್ಲಿ ಗುಂಡು ಮಾಡಿದ. 1930ರ ಸುಮಾರಿಗೆ ಅದೇ ಮನೆತನದವರು ಪ್ಲಾಸ್ಟಿಕ್ಕಿಗೆ ಬಂದರು. ಫೀನಾಲ್, ಫಾರ್ಮಾಲ್ಡಿಹೈಡ್ ಸೇರಿಸಿ ಬೇಕ್‌ಲ್ಯಾಂಡ್ 1907ರಲ್ಲಿ ಮಾಡಿದ್ದನಲ್ಲ ಬೇಕಲೈಟ್, ಅದರ ಜಾತಿಯದು. ಅಜ್ಜನ ಮನೆಯ ಹಳೆಯ ಕರಿ ಸ್ವಿಚ್ಚನ್ನು ನೆನಪಿಸಿಕೊಳ್ಳಿ. ನಮ್ಮ ಪೆನ್ನಾಗರದ ಏಪ್ರಿಲ್ ಬಿಸಿಲಿಗೂ ಅದು ಜಗ್ಗುವುದಿಲ್ಲ. ಹಾಗಾಗಿ ಯಾರಾದರೂ "ಹಳೇ ಕಾಲದ ಮರದ ಸೆಟ್ಟು, ಅಗ್ಗಕ್ಕೆ ಕೊಡ್ತೀನಿ" ಅಂದರೆ ನಮ್ಮ ಕಡೆಯವರು ಕೊಳ್ಳಬಾರದು. ಕಪಾಟಿನಲ್ಲಿಟ್ಟು ನೋಡಲು ಚೆನ್ನ.

ಸರಿ, ನಾವು ಮಾಡಿದ ತಪ್ಪು. ಗುಂಡುಗಳ ಅಡ್ಡಳತೆ ಸುಮಾರು ಹನ್ನೊಂದೂವರೆಯಿಂದ ಹದಿಮೂರು ಸೆಂಟಿಮೀಟರ್, ತೂಕ ಹೆಚ್ಚೆಂದರೆ 1.59 ಕಿಲೋ. ಗಾತ್ರಕ್ಕೆ ನಂಬರ್ ಇರುತ್ತದೆ, ಸೊನ್ನೆಯ ಕಡೆ ಹೋದಷ್ಟೂ ಚಿಕ್ಕದು, ಐದರ ಕಡೆ ಹೋದಷ್ಟೂ ದೊಡ್ಡದು. ನಾವು ತಂದದ್ದು ಐದು. ಗುಂಡಿನ ಮೇಲೆ ಕೊರೆದಿತ್ತು, ಓದಲೇ ಇಲ್ಲ! ಕೈಗೆ ಸರಿಯೇ ಅಂತ ನೋಡುವುದು ಸುಲಭ. ಎರಡೂ ಕೈಗಳಿಂದ ಗುಂಡನ್ನು ಉರುಳುವ ಬದಿಯ ಸುತ್ತ ಹಿಡಿಯಿರಿ. ಹೆಬ್ಬೆರಳಿಗೆ ಹೆಬ್ಬೆರಳು, ನಡುಬೆರಳಿಗೆ ನಡುಬೆರಳು ಮುಟ್ಟಬೇಕು. ಆಮೇಲೆ ಒಂದೇ ಕೈಯಲ್ಲಿ ಹಿಡಿದು ಅಂಗೈ ಕೆಳಗೆ ಮಾಡಿ ತೋಳು ಚಾಚಿ ಹಿಂದೆ ಮುಂದೆ ತೂಗಿ. ಜಾರುವಂತಿದ್ದರೆ ಒಂದು ನಂಬರ್ ಇಳಿಯಿರಿ. ಹಿಂದೆ ಕೈಗೆ ಹಿಡಿಸುವಷ್ಟು ದೊಡ್ಡದನ್ನೇ ಆಡಬೇಕು ಅಂತ ಒಂದು ಜಂಬ ಇತ್ತು. ನಮ್ಮ ಅಭಿಪ್ರಾಯ ಬೇರೆ, ಸಂದೇಹ ಬಂದರೆ ಚಿಕ್ಕದೇ ಮೇಲು.

ಒಂದೇ ಗಾತ್ರದಲ್ಲಿ ಮೀಡಿಯಂ, ಹೆವಿ ಅಂತ ಎರಡು ತೂಕವೂ ಸಿಗುತ್ತವೆ. ವಾಲಿನ ಆಯ್ಕೆ ನೆಲದ ಮೇಲೆ ನಿಂತಿದೆ. ನುಣುಪಾದ ವೇಗದ ನೆಲದಲ್ಲಿ ಗುಂಡು ಹೆಚ್ಚು ಹೊತ್ತು ಉರುಳುವುದರಿಂದ ಹೆಚ್ಚು ಬಾಗುತ್ತದೆ, ಅಲ್ಲಿ ಕಡಿಮೆ ವಾಲಿನದು ಬೇಕು. ನಮ್ಮ ಅಂಗಳದಂತೆ ಒರಟು ಹುಲ್ಲಿನ ನಿಧಾನದ ನೆಲದಲ್ಲಿ ಕಡಿಮೆ ವಾಲಿನದು ಹೆಚ್ಚುಕಡಿಮೆ ಗೋಲಿಯಂತೆ ನೇರ ಹೋಗಿಬಿಡುತ್ತದೆ, ಆಟದ ರುಚಿಯೇ ಹೋಗುತ್ತದೆ. ಇಲ್ಲಿಗೆ ಮಧ್ಯಮ ಅಥವಾ ಹೆಚ್ಚು ವಾಲು ಸರಿ. ಗುಂಡಿನ ಒಂದು ಬದಿಗೆ ಚಿಕ್ಕ ವೃತ್ತ, ಇನ್ನೊಂದು ಬದಿಗೆ ದೊಡ್ಡ ವೃತ್ತ ಇರುತ್ತದೆ. ಚಿಕ್ಕ ವೃತ್ತ ಯಾವ ಕಡೆಗಿದೆಯೋ ಆ ಕಡೆಗೆ ವಾಲುತ್ತದೆ. ಹಳೆಯ ಸೆಟ್ ಕೊಳ್ಳುವುದಾದರೆ ನಾಲ್ಕರ ಮೇಲೂ ಒಂದೇ ಸೀರಿಯಲ್ ನಂಬರ್, ಒಂದೇ ಗುರುತು ಇದೆಯೇ ನೋಡಿ, ಚಕ್ಕೆ ಎದ್ದಿದೆಯೇ ಬೆರಳಾಡಿಸಿ ನೋಡಿ. ನಮ್ಮದರಲ್ಲಿ ಮೂರಕ್ಕೆ ಒಂದು ನಂಬರ್, ನಾಲ್ಕನೆಯದಕ್ಕೆ ಬೇರೆ.

ಭಾನುವಾರ ಸಂಜೆ ಜಗಳ ತಣ್ಣಗಾದ ಮೇಲೆ ನೂಲು ತಂದು ಎಲ್ಲರ ಕೈ ಅಳೆದೆವು. ಎರಡೂ ಕೈಯ ಹೆಬ್ಬೆರಳು, ನಡುಬೆರಳು ಜೋಡಿಸಿ ಆದ ಬಳೆಯ ಒಳಗೆ ನೂಲು ಸುತ್ತಿ, ಅದನ್ನು ಸ್ಕೇಲಿನ ಮೇಲೆ ಇಟ್ಟು ನೋಟ್‌ಬುಕ್ಕಿನಲ್ಲಿ ಬರೆದೆವು. ಹತ್ತೊಂಬತ್ತು ಜನ. ಹುಡುಗಿಯರಲ್ಲಿ ಹೆಚ್ಚಿನವರದು ಸೊನ್ನೆ ಇಲ್ಲವೇ ಒಂದು. ಜಪಮಾಲೆಗೆ ಬಂದಿದ್ದ ಅಜ್ಜಿಯೊಬ್ಬರು ನಮ್ಮ ಕೈಯನ್ನೂ ಅಳೆಯಿರಿ ಅಂದರು, ಅವರದು ಎರಡು. ಹತ್ತಿ ಬಿಡಿಸಿದ, ಕಳೆ ಕಿತ್ತ ಕೈ, ಬೆರಳು ಉದ್ದ. ಪ್ರಶ್ನೆ ಕೇಳಿದ ತಂಗಿ ಬಂದಿರಲಿಲ್ಲ. ಅವಳ ಅಮ್ಮನ ಕೈಯಲ್ಲಿ ನೂಲು ಕೊಟ್ಟು ಕಳಿಸಿದ್ದೇವೆ.

ಐದರ ಸೆಟ್ಟನ್ನು ಸದ್ಯಕ್ಕೆ ಆ ಇಬ್ಬರು ಅಣ್ಣಂದಿರು ಇಟ್ಟುಕೊಂಡು ಅರ್ಧ ಹಣ ಯುವಕೂಟಕ್ಕೆ ಕೊಡುತ್ತಾರೆ. ಮುಂದಿನ ತಿಂಗಳು ಒಂದನೇ ನಂಬರಿನ ಸೆಟ್ಟಿಗೆ ಬರೆಯುತ್ತೇವೆ. ಇನ್ನೂ ಕೈ ಅಳತೆ ಕೊಡದವರು ಬರುವ ಭಾನುವಾರ ಎರಡನೇ ಪೂಜೆಯ ನಂತರ ಹುಣಸೆಮರದ ಹತ್ತಿರ ಬನ್ನಿ. ನೂಲು, ಸ್ಕೇಲು ನಾವೇ ತರುತ್ತೇವೆ.